ಗಿಳಿಗೆ ದನಿ ಕೊಟ್ಟವರು

ನನ್ನ ಚಿಕ್ಕಮ್ಮನನ್ನು ಊರಿನವರು ಇವತ್ತಿಗೂ ಟೀವಿ ಅಕ್ಕ ಎಂದೇ ಕರೆಯುತ್ತಾರೆ. ತರಕಾರಿ ಅಂಗಡಿಯಲ್ಲಿ ಯಾರಾದರೂ ಹಾಗೆ ಕರೆದರೆ ಸಾಕು, ಚೀಲ ಕೆಳಗಿಟ್ಟು ಕೂದಲು ಸರಿಮಾಡಿಕೊಳ್ಳುತ್ತಾಳೆ. ಆ ಟೀವಿ ಕೇಂದ್ರ ಮುಚ್ಚಿ ಎಷ್ಟೋ ಕಾಲವಾಯಿತು. ಅವಳ ಜಂಬಕ್ಕೆ ಮಾತ್ರ ವಯಸ್ಸಾಗಿಲ್ಲ.

ಕೇಂದ್ರ ಎಂದರೆ ದೊಡ್ಡದೇನಲ್ಲ, ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಸದ್ದು ಒಳಬಾರದಿರಲೆಂದು ಗೋಡೆಗೆ ಹಳೆ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಆದರೂ ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ವಾರ್ತೆ ಓದುವವರು ನೀರು ಕುಡಿಯುವ ನೆಪ ಹೂಡಬೇಕು. ಊರಿನ ವಾರ್ತೆ, ಹುಟ್ಟುಹಬ್ಬದ ಶುಭಾಶಯ, ಹಲ್ಲಿನ ಡಾಕ್ಟರ ಸಲಹೆ, ಎಲ್ಲವೂ ಅಲ್ಲೇ ತಯಾರು, ಊರಿನ ಕೇಬಲ್ಲಿನಲ್ಲೇ ಖರ್ಚು.

ಚಿಕ್ಕಪ್ಪ ಅಲ್ಲಿನ ಏಕೈಕ ಕ್ಯಾಮೆರಾಮನ್. ಚಿಕ್ಕಮ್ಮ ಮಕ್ಕಳ ಕಾರ್ಯಕ್ರಮದ ಅಕ್ಕ. ಅವಳ ಮೇಜಿನ ಮೇಲೊಂದು ಮರದ ಗಿಳಿ. ಮಕ್ಕಳು ಏನು ಕೇಳಿದರೂ ಅದು ಕೀಚಲು ದನಿಯಲ್ಲಿ ತಲೆಹರಟೆ ಉತ್ತರ ಕೊಡುತ್ತಿತ್ತು. ಆ ದನಿ ಕ್ಯಾಮೆರಾದ ಹಿಂದೆ ನಿಂತ ಚಿಕ್ಕಪ್ಪನದು. ಮನೆಯಲ್ಲಿ ಹ್ಞೂಂ ಎನ್ನಲೂ ಯೋಚಿಸುವ ಮನುಷ್ಯ, ಗಿಳಿಯಾದರೆ ಬಾಯಿ ಮುಚ್ಚುತ್ತಿರಲಿಲ್ಲ.

ಚಿಕ್ಕಪ್ಪ ತೀರಿಕೊಂಡ ಮೇಲೆ ಉಳಿದದ್ದು ಗೋಡೆಯ ಫೋಟೋ ಒಂದೇ. ಒಂದು ದಿನ ಬಟ್ಟೆ ಮಡಚುತ್ತ ಕೂತಿದ್ದ ಚಿಕ್ಕಮ್ಮ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಅವರ ದನಿ ಮರ್ತೇ ಹೋಗ್ತಿದೆ ಕಣೆ. ನೆನಪು ಮಾಡ್ಕೊಂಡ್ರೆ ಮಾತು ಅವರದು, ದನಿ ನನ್ನದು. ಗಿಳಿ ಮಾತಾಡೋ ಒಂದು ಟೇಪಾದ್ರೂ ಸಿಕ್ಕಿದ್ರೆ..."

ಕೇಂದ್ರದ ಹಳೆ ಮಾಲೀಕರ ಗ್ಯಾರೇಜಿನಲ್ಲಿ ಟೇಪುಗಳು ಧೂಳು ತಿನ್ನುತ್ತ ಬಿದ್ದಿದ್ದವು. ಅವುಗಳನ್ನೂ ಒಂದು ಮುದಿ ಯಂತ್ರವನ್ನೂ ಹೊತ್ತು ತಂದೆ. ಪ್ರತಿ ಟೇಪು ಹಾಕಿದಾಗಲೂ ಚಿಕ್ಕಮ್ಮನದು ಒಂದೇ ಅಪ್ಪಣೆ.

"ಮೊದಮೊದಲಿಂದು ಬೆಳಕು ನೋಡೋಕೆ ತೆಗೆದಿದ್ದು. ಮುಂದಕ್ಕೆ ಓಡಿಸು, ಓಡಿಸು."

ಅದು ಕೇಂದ್ರದ ಪದ್ಧತಿಯಂತೆ. ಹೊಸ ಟೇಪು ಬಂದ ದಿನ ದೀಪ, ಬಣ್ಣ ಹೊಂದಿಸಲು ಮೊದಲಲ್ಲಿ ಚೂರು ಚಿತ್ರ ತೆಗೆಯುವುದು. ಅದನ್ನು ಎಂದೂ ಅಳಿಸದೆ, ಆಮೇಲಿನ ಜಾಗದಲ್ಲಷ್ಟೇ ಕಾರ್ಯಕ್ರಮ ತುಂಬುವುದು. ಅನುಭವಸ್ಥೆ ಹೇಳಿದ ಮೇಲೆ ಮುಗಿಯಿತಲ್ಲ, ಓಡಿಸಿದೆ. ಓಡುವಾಗ ತೆರೆ ಕಪ್ಪಗಿರುತ್ತಿತ್ತು. ನಿಲ್ಲಿಸಿದರೆ ಪುರಸಭೆಯ ಜಗಳ, ಹಲ್ಲಿನ ಡಾಕ್ಟರು, ಮತ್ತೆ ಹಲ್ಲಿನ ಡಾಕ್ಟರು. ಹೊಸ ಟೇಪು ಸುಲಭಕ್ಕೆ ಸಿಗದ ಕಾಲ, ಮಕ್ಕಳ ಕಾರ್ಯಕ್ರಮದ ಮೇಲೆಲ್ಲ ಬೇರೇನೋ ತುಂಬಿಬಿಟ್ಟಿದ್ದರು. ತುಂಬಿದ ಪುಣ್ಯಾತ್ಮ ಚಿಕ್ಕಪ್ಪನೇ.

"ಜಿಪುಣ!" ಎಂದು ಬೈದಳು ಚಿಕ್ಕಮ್ಮ. ಬೈಯುತ್ತಲೇ ಮುಂದಿನ ಟೇಪು ಕೈಗಿತ್ತಳು.

ಕೊನೆಯ ಟೇಪಿನ ಹೊತ್ತಿಗೆ ನನ್ನ ತಲೆಯೂ ಕೆಟ್ಟಿತ್ತು. ಅವಳು ಮತ್ತೆ "ಓಡಿಸು" ಎಂದಳು.

"ಮೊದಲಿಂದ ಅದರ ಪಾಡಿಗೆ ಅದು ಓಡ್ಲಿ ಬಿಡು ಚಿಕ್ಕಮ್ಮ. ಗುಂಡಿ ಒತ್ತಿ ಒತ್ತಿ ಬೆರಳು ಬಿದ್ಹೋಯ್ತು," ಎಂದು ರೇಗಿ ಕೈಕಟ್ಟಿ ಕೂತೆ.

ತೆರೆಯಲ್ಲಿ ಗೆರೆಗಳು ಕುಣಿದವು. ಆಮೇಲೆ ಅವಳ ಮೇಜು, ಗಿಳಿ, ಕುರ್ಚಿ. ಕುರ್ಚಿಯಲ್ಲಿ ಚಿಕ್ಕಪ್ಪ! ಅವಳ ಮುಖಕ್ಕೆ ಬೆಳಕು ಹೇಗೆ ಬೀಳುತ್ತದೆಂದು ನೋಡಲು ತಾನೇ ಅವಳ ಜಾಗದಲ್ಲಿ ಕೂತು, ಅವಳನ್ನು ಕ್ಯಾಮೆರಾದ ಹಿಂದೆ ನಿಲ್ಲಿಸಿದ್ದ. ನೇರ ನಮ್ಮತ್ತ ನೋಡಿ ಕೇಳಿದ, ಗಿಳಿಯ ದನಿಯಲ್ಲಲ್ಲ, ತನ್ನದೇ ತಗ್ಗಿದ ದನಿಯಲ್ಲಿ.

"ಕಾಣ್ತಿದೀನೇನೇ?"

ಹಿಂದಿನಿಂದ ಹರೆಯದ ಚಿಕ್ಕಮ್ಮನ ದನಿ ಬಂತು. "ಹ್ಞೂಂ, ಕಾಣ್ತಿದೀರಿ. ಸರಿಯಾಗಿದೆ. ಏಳಿ ಬೇಗ, ಮಕ್ಕಳು ಬಂದ್ರು."

ಚಿಕ್ಕಪ್ಪ ಎದ್ದ. ಖಾಲಿ ಕುರ್ಚಿ. ಅದರ ಬೆನ್ನಿಗೇ ಹಲ್ಲಿನ ಡಾಕ್ಟರು.

ನಾವು ಓಡಿಸಿಬಿಟ್ಟ ಟೇಪುಗಳ ರಾಶಿ ಪಕ್ಕದಲ್ಲೇ ಇತ್ತು. ಅವುಗಳಲ್ಲೂ ಚಿಕ್ಕಪ್ಪ ಕೂತಿರಬಹುದು. ಅತ್ತ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ.

"ನನಗೇನು ಅಷ್ಟು ಅವಸರ ಇತ್ತೇ?" ಎಂದಳು. ಕೆನ್ನೆಯೆಲ್ಲ ಒದ್ದೆ. "ಹಿಂದಕ್ಕೆ ಹಾಕು."

ಹಾಕಿದೆ. ಚಿಕ್ಕಪ್ಪ ಮತ್ತೆ ಬಂದು ಕೂತು, ಮತ್ತೆ ಕೇಳಿದ.

"ಕಾಣ್ತಿದೀನೇನೇ?"

ಟೇಪಿನೊಳಗಿನ ಹುಡುಗಿಗಿಂತ ಮೊದಲೇ ಚಿಕ್ಕಮ್ಮ ಬಾಯಿ ಹಾಕಿದಳು.

"ಇಲ್ಲಾರೀ, ಇನ್ನೂ ಸರಿಯಾಗಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿರಿ."