ಮೂರು ಸೀಸೆ ಕಾಡಿನ ಗಾಳಿ

ಹೋದ ವಾರ ನಾನು ಭದ್ರಾವತಿಯಾಚೆಯ ಕಾಡನ್ನು ರವೀಂದ್ರನಗರದ ನಮ್ಮ ಊಟದ ಟೇಬಲ್ ಮುಂದೆ ಕೂತೇ ಮೂಸಿ ನೋಡಿದೆ. (ಡಾಕ್ಟರಿಗೆ ಫೋನ್ ಮಾಡಬೇಡಿ, ಚೆನ್ನಾಗಿದ್ದೇನೆ.)

ಅಣ್ಣನ ಮಗಳು ಚೈತ್ರಾ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಕಾಡಿನ ನೆಲದ ಮೇಲೆ ಡಬ್ಬಿ ಬೋರಲು ಹಾಕಿ, ಮಣ್ಣು ಬಿಡುವ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಪುಟ್ಟ ಸೀಸೆಗಳಿಗೆ ತುಂಬುವುದು ಅವಳ ಕೆಲಸ. ಅವತ್ತು ಸಂಜೆ ಕಾಡಿನಿಂದ ನೇರ ನಮ್ಮ ಮನೆಗೆ ಬಂದವಳು ಸೀಸೆಗಳ ಬಾಕ್ಸನ್ನು ಟೇಬಲ್ ಮೇಲಿಟ್ಟು ಸ್ನಾನಕ್ಕೆ ಹೊರಟಳು.

"ಅದರಲ್ಲೇನಿದೆ ಮಾರಾಯ್ತಿ?"

"ನೈಟ್ರಸ್ ಆಕ್ಸೈಡ್ ಚಿಕ್ಕಪ್ಪ. ಲಾಫಿಂಗ್ ಗ್ಯಾಸ್ ಅಂತಾರಲ್ಲ, ಅದೇ. ಭೂಮಿ ಬಿಸಿ ಮಾಡೋದ್ರಲ್ಲಿ ಪಕ್ಕಾ ಕಿಲಾಡಿ."

ಲಾಫಿಂಗ್ ಗ್ಯಾಸ್! ಅದೂ ಬಿಟ್ಟಿ! ನಾವೋ, ಮೂಸದೆ ಏನನ್ನೂ ನಂಬದ ಜನ. ಹೊಳೆಹೊನ್ನೂರಿನ ಸಂತೆಯಲ್ಲಿ ಹಲಸು ಮೂಸುತ್ತೇವೆ, ತುಪ್ಪ ಮೂಸುತ್ತೇವೆ, ಮನೆಗೆ ತಂದು ಮತ್ತೊಮ್ಮೆ ಮೂಸುತ್ತೇವೆ. ಒಂದು ಸೀಸೆಯ ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದೆ. ನಗು ಬರಲಿಲ್ಲ. ಇದು ಡಲ್ ಪೀಸ್ ಇರಬಹುದೆಂದು ಇನ್ನೊಂದು. ಆಮೇಲೆ ಮತ್ತೊಂದು. ಊಹೂಂ. ಮುಚ್ಚಳ ಬಿಗಿ ಮಾಡಿ, ಸಂಭಾವಿತನಂತೆ ಪೇಪರ್ ಹಿಡಿದು ಕೂತೆ.

ಚೈತ್ರಾ ಬಂದವಳೇ ಹುರುಪಿನಿಂದ ವಿವರಿಸತೊಡಗಿದಳು. ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಈ ಗ್ಯಾಸ್ ಜೋರಾಗಿ ಹೊರಡುತ್ತದಂತೆ. ಅದಕ್ಕೇ ಅವಳು ಇಡೀ ಬೇಸಿಗೆ ಕಾದಿದ್ದಳು. ಗ್ಯಾಸಿನೊಳಗಿನ ಸಾರಜನಕದಲ್ಲಿ ಹಗುರದ್ದು, ತುಸು ಭಾರದ್ದು ಅಂತ ಎರಡು ಬಗೆ. ಅವೇ ಐಸೊಟೋಪ್. ಗ್ಯಾಸಿನಲ್ಲಿ ಯಾವುದು ಎಷ್ಟಿದೆ ಎಂದು ನೋಡಿದರೆ, ಇದು ಮಣ್ಣಿನ ಯಾವ ಸೂಕ್ಷ್ಮಜೀವಿಗಳ ಕೈವಾಡ ಎಂಬ ಸುಳಿವು ಸಿಗುತ್ತದಂತೆ.

"ಅಕಸ್ಮಾತ್ ಸ್ಯಾಂಪಲ್ ಹಾಳಾದ್ರೆ?" ಎಂದೆ, ಪೇಪರಿನ ಹಿಂದಿನಿಂದ.

"ಮುಂದಿನ ವರ್ಷದ ಮೊದಲ ಮಳೆವರೆಗೆ ಕಾಯ್ಬೇಕು, ಅಷ್ಟೆ."

ಸುಮ್ಮನಿದ್ದುಬಿಡಲೇ? ಯಾರಿಗೆ ಗೊತ್ತಾಗುತ್ತದೆ? ಆದರೆ ನಮ್ಮನೆ ಒಗ್ಗರಣೆಯ ಗಾಳಿ ಕಾಡಿನ ಗಾಳಿಯೆಂದು ಅವಳ ಥೀಸಿಸ್ ಸೇರಿದರೆ? ನಿಜಕ್ಕೂ ನಾಚಿಕೆಯಾಯಿತು.

"ಒಂದು ಸೀಸೆ ತೆಗೆದು ಮೂಸಿಬಿಟ್ಟೆ ಕಣೇ."

"ಒಂದೇನಾ?"

"...ಮೂರು."

ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಪುಣ್ಯಕ್ಕೆ ಮೊದಲ ಸಾಲಿನವನ್ನೇ ತೆಗೆದಿದ್ದೆ, ತೋರಿಸಿದೆ. ಅವುಗಳಿಗೆ ಕೆಂಪು ಗೀಟು ಎಳೆದಳು.

"ಹೇಳಿದ್ರಲ್ಲ, ಬಚಾವಾದೆ. ಉಳಿದಿದ್ರಲ್ಲಿ ಹೇಗೋ ಸುಧಾರಿಸ್ತೀನಿ. ಇವೂ ಲೆಕ್ಕಕ್ಕೆ ಸೇರಿದ್ರೆ ಎಲ್ಲಾ ಎಡವಟ್ಟಾಗ್ತಿತ್ತು" ಎನ್ನುತ್ತಾ ನೋಟ್‌ಬುಕ್ಕಿನಲ್ಲಿ ಏನೋ ಬರೆದಳು. ಬಗ್ಗಿ ನೋಡಿದೆ. 'ಹಾಳಾಗಲು ಕಾರಣ' ಎಂಬ ಕಾಲಂನಲ್ಲಿ ಒಂದೇ ಪದವಿತ್ತು: ಚಿಕ್ಕಪ್ಪ.

ಇಷ್ಟು ವರ್ಷದಿಂದ ಬರೆಯುತ್ತಿದ್ದೇನಲ್ಲ, ಇಷ್ಟು ಚೊಕ್ಕವಾಗಿ ನನ್ನನ್ನು ಯಾವ ವಿಮರ್ಶಕ ತಾನೇ ವಿಮರ್ಶಿಸಿದ್ದಾನೆ?