ನಾಲ್ಕನೇ ಮೂಲೆಯ ಕರಿ ದಾರ

ಭಾನುವಾರ. ಮಹಾನವಮಿ ಅಮಾವಾಸ್ಯೆಗೆ ಇನ್ನು ಐದು ದಿನ. ಬೆಳಿಗ್ಗೆ ಹತ್ತೂಕಾಲಿಗೆ ಈ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ಅಮಾವಾಸ್ಯೆ ಬರುವಷ್ಟರಲ್ಲಿ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆದು ಒಣಗಿರಬೇಕು. ಇಂಡಿ ಪಟ್ಟಣದ ನಮ್ಮ ಓಣಿಯಲ್ಲಿ ಈ ವಾರ ಯಾವ ಮಾಳಿಗೆ ನೋಡಿದರೂ ಕೌದಿಗಳೇ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿದ ಹೊದಿಕೆಗಳು. ನಮ್ಮ ಮಾಳಿಗೆಯ ಮೇಲೆ ಹರವಿದ್ದರಲ್ಲಿ ಒಂದು ಚಿಕ್ಕದು, ತೊಟ್ಟಿಲ ಅಳತೆಯದು. ಅದನ್ನು ಮಗುಚಿ ಹಾಕುವಾಗ ಒಂದು ಮೂಲೆ ಕೈಗೆ ಗಡುಸಾಗಿ ಸಿಕ್ಕಿತು. ಉಳಿದ ಮೂರು ಮೂಲೆಗಳಲ್ಲಿ ತ್ರಿಕೋನಕ್ಕೆ ಮಡಚಿದ ಹಸಿರು ಬಟ್ಟೆ, ಹಸಿರು ದಾರ, ಇರುವೆ ಸಾಲಿನಂಥ ಹೊಲಿಗೆ. ಈ ನಾಲ್ಕನೆಯದರಲ್ಲಿ ಮಾತ್ರ ಕರಿ ದಾರ. ಉದ್ದುದ್ದ, ಸೊಟ್ಟಸೊಟ್ಟ, ಅವಸರದ ಹೊಲಿಗೆ. ಇಷ್ಟು ವರ್ಷ ಒಗೆದರೂ ಆ ದಾರದ ಬಣ್ಣ ಹೋಗಿಲ್ಲ.

ಹಸಿರು ದಾರ ಅಕ್ಕನದು. ಕರಿ ದಾರ ನಮ್ಮ ಮನೆಯದು.

ಅಕ್ಕನ ಹೆಸರು ಇಲ್ಲಿ ಬರೆಯುವುದಿಲ್ಲ. ನಮಗೆಲ್ಲ ಅವಳು ಎದುರು ಮನೆಯ ಅಕ್ಕ. ಅವಳ ಅಪ್ಪ ಬಸ್ ಕಂಡಕ್ಟರ್. ಅವಳು ಪದವಿ ಮುಗಿಸಿ ಮನೆಯಲ್ಲಿದ್ದಳು. ನಾನಾಗ ಏಳನೇ ಇಯತ್ತೆ. ಭಾನುವಾರ ಬೆಳಿಗ್ಗೆ ಓಣಿಯ ಹುಡುಗಿಯರು ಅವಳ ಮನೆಯ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಅದು ಹೇಗೆ ಶುರುವಾಯಿತೋ, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ನನ್ನ ಡೈರಿಯಲ್ಲೂ ಇಲ್ಲ. ಯಾರದೋ ತಲೆಯ ಹೇನು ತೆಗೆಯಲು ಕೂತಿದ್ದಳಂತೆ, ನೋಡನೋಡುತ್ತ ಸಾಲು ಬೆಳೆಯಿತಂತೆ...

ಅಂಟವಾಳಕಾಯಿ ನೆನೆಹಾಕಿ ತಲೆ ತೊಳೆಯುವುದು, ಉಗುರು ಕತ್ತರಿಸಿ ಎಣ್ಣೆ ತಿಕ್ಕುವುದು, ಒಣಗಿದ ಲಿಂಬೆ ಸಿಪ್ಪೆಯ ಪುಡಿಯಿಂದ ಹಿಮ್ಮಡಿ ಉಜ್ಜುವುದು. ಅಂಗಡಿಯಿಂದ ತರಬೇಕಾದದ್ದು ಯಾವುದೂ ಇರಲಿಲ್ಲ. ಅದಾದ ಮೇಲೆ ಕಣ್ಣಿನ ಕೆಳರೆಪ್ಪೆ ಎಳೆದು ಒಬ್ಬೊಬ್ಬರನ್ನೂ ನೋಡುತ್ತಿದ್ದಳು. ಒಳಗೆ ಕೆಂಪು ಕಡಿಮೆ ಇದ್ದರೆ ಆ ಹುಡುಗಿಯ ತಟ್ಟೆಗೆ ಹಸಿ ಹಕ್ಕರಕಿ ಸೊಪ್ಪು ಹೆಚ್ಚು ಬೀಳುತ್ತಿತ್ತು. ರೊಟ್ಟಿ ನಾವು ತರಬೇಕು. ಮೊಳಕೆ ಬಂದ ಮಡಿಕೆ ಕಾಳು, ಸೊಪ್ಪು, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ ಅವಳದು. ಎಲ್ಲದರ ಮೇಲೆ ಲಿಂಬೆ. ನಮ್ಮ ಊರಲ್ಲಿ ಲಿಂಬೆಯನ್ನು ಯಾರೂ ಒಂದೆರಡು ತರುವುದಿಲ್ಲ, ಚೀಲದಲ್ಲೇ ಬರುತ್ತದೆ. ಅಕ್ಕ ಹೋಳನ್ನು ಒಂದೇ ಕೈಯಲ್ಲಿ ಹಿಂಡಿ, ಬೆರಳಿಗೆ ಉಳಿದ ರಸ ನೆಕ್ಕಿ, ಒಂದು ಕಣ್ಣು ಮುಚ್ಚುತ್ತಿದ್ದಳು. ಆ ಮುಖ ನೋಡಲೆಂದೇ ನಾವು ಕಾಯುತ್ತಿದ್ದೆವು.

"ಅಕ್ಕಾ, ಲಿಂಬಿ ಮಾರಿಗಿ ಹಚ್ಕೊಂಡ್ರ ಬೆಳ್ಳಗ ಆಗ್ತಾರಂತ, ಖರೇನ?" ಎಂದು ಮೂಲೆಮನೆಯ ಹುಡುಗಿ ಒಮ್ಮೆ ಕೇಳಿದಳು.

"ಮಾರಿಗಿ ಹಚ್ಚಿದ್ರ ಉರೀತೈತಿ, ಅಷ್ಟ. ಹೊಟ್ಟಿಗಿ ಹಾಕು, ಮಾರಿಗಿ ತಾನ ಬರ್ತೈತಿ."

"ಹಂಗಾದ್ರ ನಾ ಕರ್ರಗ ಉಳೀತೇನಲ್ಲ!"

"ಏ ಹುಚ್ಚಿ, ನಮ್ಮ ಎರಿ ಹೊಲ ಯಾವ ಬಣ್ಣ ಐತಿ? ಅದ್ರಾಗ ಎಂಥಾ ಜ್ವಾಳ ಬರ್ತಾವ? ನೀ ಹೋಗಿ ಸುಣ್ಣದಾಗ ಬಿತ್ತು, ಏನ ಬೆಳೀತೈತಿ ನೋಡೂಣು."

ಎಲ್ಲರೂ ನಕ್ಕರು. ನಾನು ಅದನ್ನು ಬರೆದುಕೊಳ್ಳುತ್ತಿದ್ದೆ. ಯಾರು ಬಂದರು, ಯಾರು ಏನು ತಿಂದರು, ಎಲ್ಲವನ್ನೂ ಬರೆಯುವುದು ನನ್ನ ಚಟ. ಅಕ್ಕ ನನ್ನತ್ತ ಕೈ ಮಾಡಿ, "ತಡೀರಿ, ನಮ್ಮ ತಲಾಟಿ ಬರ್ಕೊಳ್ಳಾಕತ್ಯಾಳ. ಆಕಿ ಬರೀದಿದ್ರ ನಾವು ಉಂಡಿದ್ದು ಲೆಕ್ಕಕ್ಕ ಬರೂದಿಲ್ಲ" ಎಂದಳು. ಅಂದಿನಿಂದ ನಾನು ಓಣಿಯ ತಲಾಟಿ, ಲೆಕ್ಕ ಬರೆಯುವವಳು.

ಊಟದ ನಂತರ ಕೌದಿ. ಬಣ್ಣ ಬಣ್ಣದ ತುಂಡು ಜೋಡಿಸುವುದು, ಹೊಲಿಗೆ ಓರೆಯಾಗದಂತೆ ಹೆಬ್ಬೆರಳಿನ ಉಗುರಿನಿಂದ ಗೆರೆ ಎಳೆದುಕೊಳ್ಳುವುದು, ಎಲ್ಲವನ್ನೂ ಅವಳೇ ಕಲಿಸಿದಳು. ನಮ್ಮ ಕಡೆ ಕೌದಿಯನ್ನು ಹಸಿದಿರಲು ಬಿಡುವ ಹಾಗಿಲ್ಲ. ಕೊನೆಯ ಮೂಲೆ ಮುಚ್ಚುವ ಮುನ್ನ ಗರಿಗರಿಯಾದ ಕಟಕ ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿಯುತ್ತಾರೆ. ಅದು ಕೌದಿಗೆ ಕೊಡುವ ತುತ್ತು. ಒಂದೆರಡು ಒಗೆತಕ್ಕೆ ಕರಗಿಹೋಗುತ್ತದೆ, ಆದರೆ ಕೊಟ್ಟಿರಬೇಕು. ಅದೂ ಹೊಲಿದವರ ಕೈಯಿಂದಲೇ, ಹೊದೆಯುವವರ ಮನೆಯಲ್ಲೇ. "ಹಸದ ಕೌದಿ ಹೊಚ್ಕೊಂಡ್ರ ಕನಸಿನಾಗೂ ಬರೇ ಅಡಗಿ ಮನಿ ಕಾಣಸ್ತೈತಿ" ಎನ್ನುತ್ತಿದ್ದಳು ಅಕ್ಕ.

ಆ ವರ್ಷ ನನ್ನ ಸ್ವಂತ ಅಕ್ಕ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ನಾನು ಇವರಿಬ್ಬರನ್ನೂ ಅಕ್ಕ ಎಂದೇ ಕರೆಯುವವಳು, ಓದುವವರಿಗೆ ಗೊಂದಲವಾಗಬಾರದು. ನನ್ನ ಒಡಹುಟ್ಟಿದವಳನ್ನು ಇಲ್ಲಿ ಬಾಣಂತಿ ಎನ್ನುತ್ತೇನೆ. ಹುಟ್ಟುವ ಕೂಸಿಗೆ ಕೌದಿ ತಾನೇ ಹೊಲಿಯುವುದಾಗಿ ಎದುರು ಮನೆಯ ಅಕ್ಕ ನಮ್ಮ ಆಯಿಗೆ, ಅಂದರೆ ನನ್ನ ಅಜ್ಜಿಗೆ, ಮಾತು ಕೊಟ್ಟಿದ್ದಳು. ಆಯಿ ತನ್ನ ಮದುವೆಯ ಹಸಿರು ಸೀರೆಯನ್ನೇ ಪೆಟ್ಟಿಗೆಯಿಂದ ತೆಗೆದು ಕೊಟ್ಟಿದ್ದಳು. ಆಗ ಆಯಿಗೆ ಅವಳ ಕೈಯ ಮೇಲೆ ಅಷ್ಟು ಭರವಸೆ...

ಆ ಕೌದಿ ಅರ್ಧವಾಗಿದ್ದಾಗ ಒಂದು ಭಾನುವಾರ ನಾನೇ ಹೇಳಿದೆ: "ಅಕ್ಕಾ, ನಿನ್ನ ಬೆರಳಿಗಿ ಹಿಟ್ಟ ಹತ್ತೈತಿ."

ಅಕ್ಕ ನಕ್ಕು ಬೆರಳನ್ನು ಓಢಣಿಗೆ ಒರೆಸಿಕೊಂಡಳು. ಸೂಜಿ ಹಿಡಿಯುವ ಬೆರಳು, ಉಗುರಿನ ಬುಡ. ಇನ್ನೊಮ್ಮೆ ಒರೆಸಿದಳು. ನಂತರ ತಂಬಿಗೆಯ ನೀರು ಹಾಕಿಕೊಂಡು ತೊಳೆದಳು. ಮುಂದಿನ ಭಾನುವಾರವೂ ಆ ಹಿಟ್ಟು ಅಲ್ಲೇ ಇತ್ತು. ಪಕ್ಕದ ಬೆರಳಿಗೂ ಬಂದಿತ್ತು.

ವಿಜಯಪುರದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರಂತೆ: ಇದು ತೊನ್ನು, ಅಂಟುವ ರೋಗವಲ್ಲ, ಊಟದಿಂದ ಬರುವುದೂ ಅಲ್ಲ, ಎಲ್ಲವನ್ನೂ ತಿನ್ನಬಹುದು. ಅಕ್ಕನ ಅವ್ವ ಅದನ್ನು ಓಣಿಯ ಮನೆಮನೆಗೆ ಹೋಗಿ ಹೇಳಿ ಬಂದರು. ಕೇಳಿದವರೆಲ್ಲ ಹೌದು ಹೌದು ಎಂದರು. ಎಂದು ಮುಗಿಸಿ, "ಆದ್ರೂ ಹುಳಿ ಬಿಡಸ್ರೆವ್ವಾ" ಎಂದರು. ಒಬ್ಬರು ಮೊಸರು ಬೇಡ ಎಂದರು. ಇನ್ನೊಬ್ಬರು ಬದನೆ ಎಂದರು. ಸಿಂದಗಿ ಹಾದಿಯ ಯಾರೋ ಔಷಧ ಕೊಡುವವರು ಉಪ್ಪು ನಿಲ್ಲಿಸಿದರು. ಲಿಂಬೆ ಸಿಪ್ಪೆ ಹಚ್ಚಿ ಹಚ್ಚಿ ಹೀಗಾಯಿತು ಎಂಬ ಮಾತೂ ಹುಟ್ಟಿತು.

ಡೈರಿಯಲ್ಲಿ ನಾನು "ಅಕ್ಕ ಬಿಟ್ಟದ್ದು" ಎಂದು ಒಂದು ಪುಟ ಮಾಡಿದ್ದೆ. ಮೊದಲ ಸಾಲು ಲಿಂಬೆ. ಪ್ರತಿ ಭಾನುವಾರ ಒಂದೊಂದು ಸಾಲು ಸೇರುತ್ತಿತ್ತು. ಒಂದು ಸಲವೂ ಯಾವ ಸಾಲನ್ನೂ ಹೊಡೆದುಹಾಕುವ ಪ್ರಸಂಗ ಬರಲಿಲ್ಲ. ಕೊನೆಗೆ ಉಳಿದದ್ದು ಸಪ್ಪೆ ಬೇಳೆ ಮತ್ತು ರೊಟ್ಟಿ. ನಮ್ಮ ಕಣ್ಣರೆಪ್ಪೆ ಎಳೆದು ನೋಡುವವಳ ಕಣ್ಣೇ ಒಳಗಿನಿಂದ ಬಿಳಚಿಕೊಂಡಿತ್ತು. ಜಡೆ ತೆಳ್ಳಗಾಯಿತು. ಆದರೂ ನಮ್ಮ ತಟ್ಟೆಗಳಿಗೆ ಲಿಂಬೆ ಹಿಂಡುವುದು ಬಿಡಲಿಲ್ಲ. ಹಿಂಡಿ, ಬೆರಳನ್ನು ನೆಕ್ಕದೆ, ಓಢಣಿಗೆ ಒರೆಸಿಕೊಳ್ಳುತ್ತಿದ್ದಳು.

"ಡಾಕ್ಟರು ಎಲ್ಲಾ ತಿನ್ನಂದಾರಲ್ಲಕ್ಕಾ?" ಎಂದು ಕೇಳಿದೆ.

"ತಿಂದ್ಯಾ ಅಂದ್ರ, ತಿಂದದ್ದಕ್ಕ ಹೆಚ್ಚಾತು ಅಂತಾರ. ತಿನ್ಲಿಲ್ಲಂದ್ರ ಯಾರೂ ಏನೂ ಅನ್ನೂದಿಲ್ಲ ನೋಡು ತಲಾಟಿ."

ಅದನ್ನೂ ಡೈರಿಯಲ್ಲಿ ಬರೆದುಕೊಂಡೆ.

ಹುಡುಗಿಯರು ಕಡಿಮೆಯಾದರು. ಯಾರೂ ಜಗಳವಾಡಲಿಲ್ಲ, ಯಾರೂ ಕೆಟ್ಟ ಮಾತು ಆಡಲಿಲ್ಲ. ಒಬ್ಬಳಿಗೆ ಟ್ಯೂಷನ್ ಶುರುವಾಯಿತು. ಒಬ್ಬಳಿಗೆ ಭಾನುವಾರ ಹೊಲಕ್ಕೆ ಹೋಗಬೇಕಾಯಿತು. ಮೂಲೆಮನೆಯವಳು ಬರುತ್ತಿದ್ದಳು, ಆದರೆ ಮನೆಯಲ್ಲೇ ಉಂಡು ಬರುತ್ತಿದ್ದಳು. ಅಕ್ಕ ಎಲ್ಲರ ನೆವಗಳನ್ನೂ ನಂಬಿದವಳಂತೆ ಕೇಳುತ್ತಿದ್ದಳು. ಮಡಿಕೆ ಕಾಳು ಮಾತ್ರ ಮೊದಲಿನಷ್ಟೇ ನೆನೆಹಾಕುತ್ತಿದ್ದಳು... ಉಳಿದದ್ದು ಎಮ್ಮೆಗೆ ಹೋಗುತ್ತಿತ್ತು.

ಒಂದು ಸಲ ಮಾತ್ರ ಬಾಯಿಬಿಟ್ಟಳು. "ನನ್ನ ಕೈ ಬಣ್ಣ ಬದ್ಲಾಗ್ಲಿ ಬಿಡು. ನಾ ಕೊಟ್ಟದ್ದನ್ನ ಮಂದಿ ಬಾಯಿಗಿ ಹಾಕ್ಕೊಂಡ್ರ ಸಾಕಾಗಿತ್ತು." ಹೊಲಿಯುತ್ತಲೇ ಅಂದಳು, ನನ್ನತ್ತ ನೋಡಲಿಲ್ಲ.

ಕೂಸು ಹುಟ್ಟಿ, ಅದನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದ್ದರು. ಅಕ್ಕ ಉದ್ದ ತೋಳಿನ ಕುಪ್ಪಸ ತೊಟ್ಟು, ಕೌದಿಯನ್ನು ಎದೆಗವಚಿಕೊಂಡು ಬಂದಳು. ನೋಡಿದವರೆಲ್ಲ "ಏನ್ ಛಂದ ಹೊಲದೀಯವ್ವಾ" ಎಂದರು. ಮುಟ್ಟಿ ನೋಡಿದವರು ಕಡಿಮೆ. ಮೂರು ಮೂಲೆ ಮುಗಿದಿದ್ದವು, ನಾಲ್ಕನೆಯದು ತೆರೆದಿತ್ತು. ಅಕ್ಕ ಸೆರಗಿನ ಗಂಟು ಬಿಚ್ಚಿ ಸಜ್ಜೆಯ ಕಟಕ ರೊಟ್ಟಿಯ ಚೂರು ತೆಗೆದಳು. ಆ ಬೆಳಿಗ್ಗೆ ತಾನೇ ಬಡಿದದ್ದು. ಆಯಿಯ ಮುಖ ನೋಡಿದಳು.

ಹೆಂಗಸರೆಲ್ಲ ಆಯಿಯತ್ತ ತಿರುಗಿದರು.

"ಇಡು ತಂಗಿ, ನಿಂದ ಹಕ್ಕು" ಎಂದಳು ಆಯಿ.

ಅಕ್ಕನ ಮುಖದಲ್ಲಿ ಬಂದ ಬೆಳಕನ್ನು ನಾನು ಇವತ್ತಿಗೂ ಮರೆತಿಲ್ಲ. ತುತ್ತಿಟ್ಟು, ಹಸಿರು ದಾರದಿಂದ ಮೂಲೆ ಮುಚ್ಚಿದಳು. ತಾನು ತಂದಿದ್ದ ಕತ್ತರಿಯಿಂದ ದಾರ ಕತ್ತರಿಸಿ, ಕೂಸಿನ ಕಾಲಿನತ್ತ ಕೈ ನೀಡಿ, ಮುಟ್ಟದೆ, ಗಾಳಿಯಲ್ಲೇ ನಿವಾಳಿಸಿ ನೆಟಿಗೆ ಮುರಿದಳು. ಊಟಕ್ಕೆ ನಿಲ್ಲು ಎಂದು ನಮ್ಮವ್ವ ಕರೆದರೂ, ಪಥ್ಯ ಐತ್ರಿ ಎಂದು ಹೊರಟಳು.

ಅವಳು ಹೊಸ್ತಿಲು ದಾಟಿದ್ದಷ್ಟೇ. ಆಯಿ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು. ತಲೆಯ ಪಿನ್ನು ತೆಗೆದು ನಾಲ್ಕನೇ ಮೂಲೆಯ ಹೊಲಿಗೆಯನ್ನು ಒಂದೊಂದೇ ಮೀಟತೊಡಗಿದಳು. ಬಾಣಂತಿ ಒಳಗಿನಿಂದ, "ಆಯಿ, ಬ್ಯಾಡ, ಅದು ಅಂಟೂದಿಲ್ಲ ಅಂದಾರ" ಎಂದಳು. "ಡಾಕ್ಟರಗೇನ, ಹೇಳಿ ಮನಿಗಿ ಹೋಗ್ತಾನ. ಕೂಸು ನಮ್ದು" ಎಂದಳು ಆಯಿ. ಕೂಸಿನತ್ತ ಒಮ್ಮೆ ನೋಡಿ ಮತ್ತೆ ಮೀಟಿದಳು. ಸಿಟ್ಟಿಗಲ್ಲ, ಹೆದರಿಕೆಗೆ. ಅಕ್ಕನ ಹೊಲಿಗೆ ಜಗ್ಗಿದರೂ ಬಿಚ್ಚಲಿಲ್ಲ.

"ಹಂಗ ಜಗ್ಗಬ್ಯಾಡ್ರಿ ಆಯಿ, ಅರಬಿ ಹರೀತೈತಿ."

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಮರೆತುಹೋದ ಕತ್ತರಿಗೆ ಬಂದಿದ್ದಳು. ಒಳಗೆ ಬಂದು ಕತ್ತರಿ ಎತ್ತಿಕೊಂಡಳು. ಅದನ್ನೇ ಆಯಿಯತ್ತ ಚಾಚಿದಳು.

"ದಾರ ಗಟ್ಟಿ ಐತ್ರಿ. ಇದ್ರಲೆ ಕತ್ತರಸ್ರಿ."

ಆಯಿಯ ಕೈ ಮೇಲೇಳಲಿಲ್ಲ. ನಾನು ಎದ್ದೆ. ಅವ್ವ ನನ್ನ ತೋಳು ಹಿಡಿದು ಕೂರಿಸಿದಳು. ಅಕ್ಕ ಸ್ವಲ್ಪ ಹೊತ್ತು ಕತ್ತರಿ ಹಿಡಿದುಕೊಂಡೇ ನಿಂತಳು. ಆಮೇಲೆ ಬಗ್ಗಿ ಅದನ್ನು ನೆಲದ ಮೇಲಿಟ್ಟು ಹೋದಳು. ಅವಳು ಹೋದ ಮೇಲೆ ಆಯಿ ಕೈಗೆ ಸೆರಗು ಸುತ್ತಿಕೊಂಡು ಅದನ್ನು ಎತ್ತಿ, ಹೊಲಿಗೆ ಕತ್ತರಿಸಿದಳು. ಸಜ್ಜೆ ರೊಟ್ಟಿಯ ಚೂರು ಕಾಗದದಲ್ಲಿ ಹೊರಗೆ ಹೋಯಿತು. ಆಯಿ ತಾನು ಬಡಿದ ರೊಟ್ಟಿಯ ಚೂರಿಟ್ಟು, ಕೈಗೆ ಸಿಕ್ಕ ಕರಿ ದಾರದಿಂದ ಮೂಲೆ ಮುಚ್ಚಿದಳು. ಓಣಿಯ ಹೆಂಗಸರು ಪೇಢೆ ತಿನ್ನುತ್ತಿದ್ದರು. ತೊಟ್ಟಿಲು ತೂಗಿತು, ಹಾಡೂ ಆಯಿತು.

ಮುಂದಿನ ಭಾನುವಾರ ನಾನೊಬ್ಬಳೇ ಕಟ್ಟೆಗೆ ಹೋದೆ. ಬಾಗಿಲು ಮುಚ್ಚಿತ್ತು. ಕೆಲವೇ ತಿಂಗಳಲ್ಲಿ ಅವಳ ಅಪ್ಪನಿಗೆ ಮುದ್ದೇಬಿಹಾಳ ಡಿಪೋಕ್ಕೆ ವರ್ಗವಾಯಿತು. ಅವರ ಸಾಮಾನಿನ ಟೆಂಪೋ ಹೊರಟಾಗ ನಾನು ಶಾಲೆಯಲ್ಲಿದ್ದೆ.

ನಂತರ ಕೇಳಿದ್ದೆಲ್ಲ ಚೂರುಪಾರು. ಮಸೂತಿಯ ಸೋದರಮಾವನ ಮನೆಯಲ್ಲಿದ್ದಾಳೆ ಎಂದರು. ಬಸವನ ಬಾಗೇವಾಡಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ ಎಂದು ಬಸ್ಸಿನಲ್ಲಿ ಯಾರೋ ಅಂದರು. ಕಳೆದ ವರ್ಷ ನಾನು ಎರಡೂ ಕಡೆ ಹೋಗಿ ಬಂದೆ. ಮಸೂತಿಯ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಬಾಗೇವಾಡಿಯಲ್ಲಿ ಹೊಲಿಗೆ ಕಲಿಸುವವರು ಬಹಳ, ಅವರಲ್ಲಿ ಅಕ್ಕ ಇರಲಿಲ್ಲ. ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೈಯ ಗುರುತು ಹೇಳಿ ಕೇಳಲು ನನ್ನ ನಾಲಗೆ ಏಳಲಿಲ್ಲ.

ಆಯಿ ಈಗಿಲ್ಲ. ಆ ಕೂಸು ಈಗ ಸೈಕಲ್ ಹೊಡೆಯುತ್ತದೆ. ಶಾಲೆಯ ಸೂಟಿಗೆ ಬಂದಾಗ ಅದೇ ಕೌದಿ ಬೇಕೆಂದು ಹಟ ಹಿಡಿದು, ಕಾಲು ಹೊರಗೆ ಚಾಚಿಕೊಂಡು ಮಲಗುತ್ತದೆ. ಆ ಹಸಿರು ಹೊಲಿಗೆಯೆಲ್ಲ ಅಕ್ಕನ ಕೈಯದೇ ಅಲ್ಲವೇ ಎಂದು ಆಯಿಯನ್ನು ಒಮ್ಮೆಯೂ ಕೇಳಲಾಗಲಿಲ್ಲ.

ಇವತ್ತು ಬೆಳಿಗ್ಗೆ ಅವ್ವನಿಗೆ ಹೇಳಿದೆ, "ಈ ಮೂಲಿ ಬಿಚ್ಚಿ ಮತ್ತೊಮ್ಮೆ ತುತ್ತು ಇಡೂಣೇನ?"

ಅವ್ವ ಕೌದಿಯನ್ನು ಬಿಸಿಲಿಗೆ ಸರಿಸುತ್ತ, "ಯಾರ ಇಡಬೇಕು?" ಎಂದಳು. ಅಷ್ಟೇ ಅಂದಳು. ಹೊಲಿದವರ ಕೈಯ ತುತ್ತೇ ಆಗಬೇಕು. ನಾನಿಟ್ಟರೆ ಅದೂ ಕರಿ ದಾರವೇ. ಅವಳ ಕತ್ತರಿ ನಮ್ಮ ಮನೆಯಲ್ಲೇ ಇದೆ, ಹರಿತವಾಗಿಯೇ ಇದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಮಾಳಿಗೆಯ ಮೇಲೆ ಕೂತಿದ್ದೆ, ಮತ್ತೆ ಕೆಳಗೆ ತಂದಿಟ್ಟೆ.

ಡೈರಿಯ ‘ಅಕ್ಕ ಬಿಟ್ಟದ್ದು’ ಪುಟ ಇನ್ನೂ ಹಾಗೇ ಇದೆ. ಮೊದಲ ಸಾಲು ಲಿಂಬೆ. ಮುದ್ದೇಬಿಹಾಳ, ಬಾಗೇವಾಡಿ ಕಡೆ ಯಾರಿಗಾದರೂ ಇರುವೆ ಸಾಲಿನಂತೆ ಕೌದಿ ಹೊಲಿಯುವ, ಹುಡುಗಿಯರ ಕಣ್ಣರೆಪ್ಪೆ ಎಳೆದು ನೋಡುವ ಒಬ್ಬ ಹೆಂಗಸು ಗೊತ್ತಿದ್ದರೆ ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಅವಳ ವಿಳಾಸ ಬೇಡ. ಅವಳಿಗೆ ನನ್ನ ನೆನಪು ಮಾಡಿಕೊಡುವುದೂ ಬೇಡ. ಊಟಕ್ಕೆ ಕೂತಾಗ ತನ್ನ ತಟ್ಟೆಗೂ ಲಿಂಬೆ ಹಿಂಡಿಕೊಂಡು, ಬೆರಳು ನೆಕ್ಕಿ, ಒಂದು ಕಣ್ಣು ಮುಚ್ಚುತ್ತಾಳೆಯೇ? ಅದಷ್ಟನ್ನು ತಿಳಿಸಿದರೆ ಸಾಕು. ಒಂದು ಸಾಲನ್ನಾದರೂ ಹೊಡೆದುಹಾಕುತ್ತೇನೆ.