ರೇಣುಕಾಳ ಆಯಿ

ಪುಣೆಗೆ ಬಂದ ಎರಡನೇ ವರ್ಷ, ಚಳಿ ಇಳಿಯುತ್ತಿದ್ದ ಒಂದು ಮಧ್ಯಾಹ್ನ, ನಾನು ಎಂದೂ ಕಾಣದ ದೇಶವೊಂದರಿಂದ ನಮ್ಮೂರ ಕಡೆಯ ಕನ್ನಡ ಕೇಳಿಸಿತು. ಕಂಪ್ಯೂಟರ್ ಪರದೆಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ಮೈಮೇಲೆ ದಪ್ಪ ಉಣ್ಣೆಯ ಅಂಗಿ, ಹಿಂದಿನ ಕಿಟಕಿಯಾಚೆ ಸುರಿಯುವ ಹಿಮ. ಪಕ್ಕದಲ್ಲಿ ಅಲ್ಲಿಯ ಮಕ್ಕಳ ರಕ್ಷಣಾ ಕಚೇರಿಯ ಅಧಿಕಾರಿ, ಆನಾ ಎಂಬ ಹೆಂಗಸು. ಹುಡುಗಿ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿಲ್ಲ ಎಂದು ಆನಾ ಮೊದಲೇ ತಿಳಿಸಿದ್ದರು.

"ಹೆಸರೇನವಾ ನಿಂದು?" ಎಂದೆ.

ಅವಳು ತಟ್ಟನೆ ತಲೆ ಎತ್ತಿದಳು. ಹೆಸರು ಹೇಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಕೇಳಿದಳು: "ಅಕ್ಕಾರ, ನಾ ಇನ್ನ ಹೊರಗ ನಿಂದ್ರೂದು ಬ್ಯಾಡೇನ್ರಿ?"

ಮರಾಠಿಯ ನಡುವೆ ದಿನ ದೂಡುತ್ತ, ಯಾರಾದರೂ ನನ್ನ ಮಾತಿನಲ್ಲಿ ಮಾತಾಡಿಸಲಿ ಎಂದು ಎಷ್ಟು ಸಲ ಹಂಬಲಿಸಿದ್ದೆನೋ! ಕೊನೆಗೆ ಆ ಮಾತು ಬಂದದ್ದು ಹೀಗೆ.

ನಾನು ಜಮಖಂಡಿಯವಳು. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಪುಣೆಗೆ ಬಂದೆವು. ಸ್ವಾರಗೇಟಿನಿಂದ ಕಾತ್ರಜ್ ಕಡೆ ಹೋಗುವ ರಸ್ತೆಯಲ್ಲಿ, ಮೂರನೆಯ ಮಹಡಿಯಲ್ಲಿ ಎರಡು ಖೋಲಿಗಳ ಬಾಡಿಗೆ ಮನೆ. ಇಲ್ಲಿಯ ಬೇಳೆಸಾರು ಆಮಟಿಗೆ ಬೆಲ್ಲ ಬೀಳುತ್ತದೆ. ನಾಲಿಗೆ ಒಗ್ಗಿಕೊಳ್ಳಲು ವರ್ಷ ಬೇಕಾಯಿತು. ನಮ್ಮಲ್ಲಿ ಮಧ್ಯಾಹ್ನ ಯಾರದೋ ಕಟ್ಟೆಯ ಮೇಲೆ ಕುಳಿತರೆ ಹೊತ್ತು ಹೋದದ್ದೇ ತಿಳಿಯದು. ಇಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎದುರು ಮನೆಯ ಗಂಟೆ ಒತ್ತುವುದೇ ತಪ್ಪು. ಮೊದಲ ಆರು ತಿಂಗಳು ನಾನು ಗೋಡೆಗಳೊಂದಿಗೆ ಮಾತಾಡಿದ್ದೇ ಹೆಚ್ಚು.

ಮರಾಠಿ ಕಷ್ಟವೇನಲ್ಲ, ನಮ್ಮ ಕಡೆಯ ಅರ್ಧ ಶಬ್ದಗಳು ಅದರವೇ ಎಂದು ಧೈರ್ಯ ತಂದುಕೊಂಡಿದ್ದೆ. ಆ ಧೈರ್ಯವೇ ನನ್ನನ್ನು ಕೆಡವಿತು. ಮಕ್ಕಳ ಸಂಸ್ಥೆಯೊಂದರಲ್ಲಿ ಕಡತ ನೋಡಿಕೊಳ್ಳುವ ಕೆಲಸ ಸಿಕ್ಕಾಗ ಅಲ್ಲಿಯ ಮುಖ್ಯಸ್ಥೆಯನ್ನು ಎಲ್ಲರೂ ಸುನೀತಾತಾಯಿ ಅನ್ನುತ್ತಿದ್ದರು. ನನಗಿಂತ ಚಿಕ್ಕವಳಂತೆ ಕಾಣುವ ಈಕೆ ಇವರಿಗೆಲ್ಲ ಹೇಗೆ ತಾಯಿಯಾದಳು ಎಂದು ಬೆರಗಾಗಿದ್ದೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂದು ತಿಳಿಯಲು ವಾರ ಹಿಡಿಯಿತು. ಮನೆಗೆ ಬಂದು ಹೇಳಿದರೆ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಥದೇ ಇನ್ನೊಂದು ಶಬ್ದ ಒಂದು ಮಗುವಿನ ಬದುಕನ್ನೇ ಬೇರೆ ದಾರಿಗೆ ತಳ್ಳಬಹುದೆಂದು ಆಗ ಹೊಳೆದಿರಲಿಲ್ಲ.

ಪರದೆಯ ಮೇಲಿನ ಹುಡುಗಿಯನ್ನು ಇಲ್ಲಿ ರೇಣುಕಾ ಎನ್ನುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ. ಆ ದೇಶದ ಹೆಸರನ್ನೂ ಬರೆಯುವುದಿಲ್ಲ. ಅವಳ ಅವ್ವ ಪುಣೆಯಲ್ಲಿ ಮನೆಗೆಲಸ ಮಾಡುತ್ತಿದ್ದಳು. ಅವಳು ದುಡಿಯುತ್ತಿದ್ದ ಮನೆಯವರು ಹೊರದೇಶಕ್ಕೆ ಹೊರಟಾಗ, ರೇಣುಕಾಳನ್ನು ತಮ್ಮ ಸಂಬಂಧಿಕರ ಮಗಳು ಎಂದು ಕಾಗದ ಮಾಡಿಸಿ, ಶಾಲೆಗೆ ಹಾಕುತ್ತೇವೆ ಎಂದು ಹೇಳಿ ಕರೆದೊಯ್ದರು. ಅವಳು ಅಲ್ಲಿ ಶಾಲೆಯನ್ನೇ ಕಾಣಲಿಲ್ಲ. ಅವರ ಕೂಸನ್ನು ಎತ್ತಿಕೊಂಡಳು, ಪಾತ್ರೆ ತೊಳೆದಳು. ತಪ್ಪಾದರೆ ಹೊಡೆತ, ಇಲ್ಲವೇ ಬಾಲ್ಕನಿಯಲ್ಲಿ ನಿಲ್ಲುವ ಶಿಕ್ಷೆ. ಹಿಮದಲ್ಲಿ ತೆಳು ಅಂಗಿ ತೊಟ್ಟು ನಿಂತ ಹುಡುಗಿಯನ್ನು ಎದುರು ಕಟ್ಟಡದ ಮುದುಕಿಯೊಬ್ಬಳು ನೋಡಿದಳು. ಆಕೆಗೆ ಇವಳ ಹೆಸರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಆದರೂ ಮಕ್ಕಳ ರಕ್ಷಣಾ ಕಚೇರಿಗೆ ಒಂದು ಫೋನು ಮಾಡಿದಳು. ಅರ್ಧ ಗಂಟೆಯಲ್ಲಿ ಆನಾ ಆ ಮನೆಯ ಬಾಗಿಲು ತಟ್ಟಿದರು.

ಅಲ್ಲಿಂದ ಕಾಗದಗಳ ಪ್ರಯಾಣ: ಆ ದೇಶದಿಂದ ನಮ್ಮ ರಾಯಭಾರ ಕಚೇರಿಗೆ, ಅಲ್ಲಿಂದ ದಿಲ್ಲಿಗೆ, ದಿಲ್ಲಿಯಿಂದ ಪುಣೆಯ ಮಕ್ಕಳ ಕಲ್ಯಾಣ ಸಮಿತಿಗೆ, ಅಲ್ಲಿಂದ ನಮ್ಮ ಸಂಸ್ಥೆಗೆ. ಹುಡುಗಿ ಪುಣೆಯವಳು ಎಂದು ಬರೆದಿದ್ದರಿಂದ ಆ ದೇಶದಲ್ಲಿ ಮರಾಠಿ ಬಲ್ಲ ದುಭಾಷಿಯನ್ನು ಕರೆಸಿದ್ದರು. ರೇಣುಕಾ ಒಂದೇ ಮಾತು ಹೇಳಿದ್ದಳು, ಆಯಿ ಕಡೆ ಹೋಗಬೇಕು ಎಂದು. ಮರಾಠಿಯಲ್ಲಿ ಆಯಿ ಎಂದರೆ ಹೆತ್ತವಳು. ಹಾಗಾಗಿ ಮಗು ತಾಯಿಯನ್ನು ಬಯಸುತ್ತದೆ ಎಂದು ಕಡತದಲ್ಲಿ ಬರೆದಾಗಿತ್ತು. ಅವ್ವನ ಕೈಗೆ ಒಪ್ಪಿಸುವ ತಯಾರಿಯೂ ನಡೆದಿತ್ತು. ಅವ್ವನ ಮನೆ ನೋಡಿಬಂದ ಸುನೀತಾತಾಯಿಗೆ ಮಾತ್ರ ಸಮಾಧಾನವಿರಲಿಲ್ಲ. ಮಗಳು ಹೇಗಿದ್ದಾಳೆ ಎಂದು ಆ ಹೆಂಗಸು ಒಮ್ಮೆಯೂ ಕೇಳಿರಲಿಲ್ಲವಂತೆ. ಆಕೆ ಕನ್ನಡದವಳು ಎಂದು ತಿಳಿದದ್ದೇ ಸುನೀತಾತಾಯಿ ನನ್ನನ್ನು ಪರದೆಯ ಮುಂದೆ ಕೂಡಿಸಿದರು.

ಇನ್ನು ಹೊರಗೆ ನಿಲ್ಲಬೇಕಾಗಿಲ್ಲ ಎಂದು ರೇಣುಕಾಳಿಗೆ ಎರಡೆರಡು ಸಲ ಹೇಳಿದೆ. ಆಮೇಲೆ ಕೇಳಿದೆ, "ಆಯಿ ಅಂದ್ರ ಯಾರವಾ? ನಿಮ್ಮವ್ವನಾ?"

ಹುಡುಗಿಯ ಮುಖ ಬಿಳಿಚಿತು. "ಅವ್ವ ಅಲ್ರಿ. ಅವ್ವನ ಕಡೆ ಕಳಸಬ್ಯಾಡ್ರಿ. ಆಯಿ, ನಮ್ಮವ್ವನ ಅವ್ವ. ಇಂಡಿ ಹತ್ತರ ಹಳ್ಳ್ಯಾಗ ಇರತಾಳ್ರಿ."

ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಅಷ್ಟೊಂದು ಕಚೇರಿಗಳ ಮೊಹರು ಬಿದ್ದ ಕಡತದಲ್ಲಿ ಆ ಒಂದು ಶಬ್ದವೇ ತಪ್ಪಾಗಿತ್ತು. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಸುನೀತಾತಾಯಿ ಕುರ್ಚಿಯಿಂದ ಎದ್ದು ನಿಂತು ಆನಾಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಆನಾ ಹಳೆಯ ಹಾಳೆಯನ್ನು ಹೊಡೆದುಹಾಕಿ ಮೊದಲಿನಿಂದ ಬರೆದುಕೊಂಡರು.

ಆ ಮನೆಯವರು ಹೊಡೆಯುತ್ತಾರೆಂದು ರೇಣುಕಾ ಅವ್ವನಿಗೆ ಫೋನಿನಲ್ಲಿ ಎರಡು ಸಲ ಹೇಳಿದ್ದಳಂತೆ. ಸಮಿತಿಯ ಮುಂದೆ ಅವ್ವ ಅದನ್ನು ಅಲ್ಲಗಳೆಯಲಿಲ್ಲ. ನನಗಿಂತ ಚಿಕ್ಕ ವಯಸ್ಸು, ಬಿರಿದ ಅಂಗೈ. ಎಲ್ಲರಿಗೂ ಮರಾಠಿಯಲ್ಲಿ ಉತ್ತರಿಸಿ, ಕೊನೆಗೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ನನಗೂ ಹೊಡದಾರ್ರಿ. ಹೊಡತಾ ತಿಂದೇ ದೊಡ್ಡಾಕಿ ಆಗೇನಿ. ನಾ ಸತ್ತೇನೇನ್ರಿ?"

ಅವಳ ಮೇಲೆ ಸಿಟ್ಟು ಮಾಡಿಕೊಂಡೇ ಬಂದಿದ್ದ ನನಗೆ ಆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅವಳ ಮಾತನ್ನು ಸಮಿತಿಗೆ ಮರಾಠಿ ಮಾಡಿ ಹೇಳಬೇಕಿತ್ತು. ಹೇಳಿದೆ.

ಇಂಡಿ ಇರುವ ವಿಜಯಪುರ ಜಿಲ್ಲೆಯ ಮಕ್ಕಳ ಸಮಿತಿಯವರು ಹಳ್ಳಿಗೆ ಹೋಗಿ ಅಜ್ಜಿಯ ಮನೆ ನೋಡಿದರು, ಶಾಲೆಯಲ್ಲಿ ಮಾತಾಡಿದರು. ಕರೆದೊಯ್ದ ಮನೆಯವರ ಮೇಲೆ ಆ ದೇಶದಲ್ಲಿ ಪ್ರಕರಣ ನಡೆಯುತ್ತಿದೆ. ಏಪ್ರಿಲಿನಲ್ಲಿ ಆನಾ ತಾವೇ ರೇಣುಕಾಳನ್ನು ಪುಣೆಗೆ ಕರೆತಂದರು. ಹಸಿರು ಸೀರೆಯ ಅಜ್ಜಿ ಎಲ್ಲರೆದುರು ಮೊಮ್ಮಗಳ ಕೈ, ಬೆನ್ನು, ಕಿವಿಯ ಹಿಂಭಾಗವನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಆನಾರ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಅವರಿಬ್ಬರಿಗೂ ಯಾವ ದುಭಾಷಿಯೂ ಬೇಕಾಗಲಿಲ್ಲ.

ಹೊರಡುವ ಮುಂಚೆ ರೇಣುಕಾ ನನ್ನ ಹತ್ತಿರ ಬಂದು ಒಂದು ಗುಟ್ಟಿನಂತೆ ಹೇಳಿದಳು: "ಅಲ್ಲೆ ಆನಾ ನನ್ನ ಖೋಲಿ ಬಾಗಲಾ ಬಡದ, ಬರಲಾ ಅಂತ ಕೇಳಿ ಒಳಗ ಬರ್ತಿದ್ರು ಅಕ್ಕಾರ. ನಾ ಸಣ್ಣಾಕಿದ್ರೂ ಕೇಳ್ತಿದ್ರು." ಆ ದೇಶ ಅವಳಿಗೆ ಬಾಲ್ಕನಿಯನ್ನೂ ಕೊಟ್ಟಿತ್ತು, ಇದನ್ನೂ ಕೊಟ್ಟಿತ್ತು.

ಈಗ ಅವಳು ಅಜ್ಜಿಯ ಮನೆಯಿಂದ ಶಾಲೆಗೆ ಹೋಗುತ್ತಾಳೆ. ನನಗೆ ಮಾತ್ರ ಫೋನು ಮಾಡಿದ ಆ ಎದುರು ಕಟ್ಟಡದ ಮುದುಕಿಯದೇ ಯೋಚನೆ. ಜಮಖಂಡಿಯ ನಮ್ಮ ಓಣಿಯಲ್ಲಿ, ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಒಂದು ಮನೆಯವರು ಕೆಲಸಕ್ಕಿಟ್ಟುಕೊಂಡ ಹುಡುಗಿಯನ್ನು ಬಿಸಿಲಲ್ಲಿ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಅವಳ ಭಾಷೆ ನನಗೆ ಗೊತ್ತಿತ್ತು. ದಿನಾ ಅವಳ ಮುಂದೆಯೇ ಹಾದುಹೋಗುತ್ತಿದ್ದೆ. ಮೊನ್ನೆ ಫೋನಿನಲ್ಲಿ ನನ್ನ ಅವ್ವನಿಗೆ ಆ ಹುಡುಗಿಯ ಹೆಸರೇನೆಂದು ಕೇಳಿದೆ.

"ಯಾವ ಹುಡುಗೀದು?" ಎಂದಳು ಅವ್ವ. ಗುರುತು ಹೇಳಿದೆ. "ಮಂದಿ ಮನಿ ವಿಚಾರ ನಿನಗ ಯಾಕಬೇಕವಾ? ಪುಣ್ಯಾಕ ಹೋಗಿ ಬ್ಯಾರೇನ ಆಗೀದಿ ನೀ" ಎಂದಳು.

ಪುಣೆಯಲ್ಲಿ ನಾನು ಇನ್ನೂ ಕಾನಡಿ ಬಾಯಿ, ಕನ್ನಡದ ಹೆಂಗಸು. ಬಾಯಿ ಬಿಟ್ಟೊಡನೆ ಗುರುತು ಸಿಗುತ್ತದೆ. ಊರಿನಲ್ಲಿ ನಾನು ಬೇರೆಯವಳಾಗಿದ್ದೇನೆ. ಅವ್ವ ಹೇಳಿದ್ದು ನಿಜ. ಮುಂದಿನ ಸಲ ಊರಿಗೆ ಹೋದಾಗ ಆ ಹುಡುಗಿಯನ್ನು ನಿಲ್ಲಿಸುತ್ತಿದ್ದ ಮನೆಯ ಬಾಗಿಲು ತಟ್ಟಿ ಅವಳ ಹೆಸರು ಕೇಳಬೇಕೆಂದಿದ್ದೇನೆ. ಬಾಗಿಲು ತೆರೆಯುತ್ತಾರೋ ಇಲ್ಲವೋ ಗೊತ್ತಿಲ್ಲ.